ಎರಡೂವರೆ ಬಿಸ್ಕತ್ತು

ಬಟವಾಡಿಯ ಹೊಸ ಸೂಪರ್ ಮಾರ್ಕೆಟ್ಟಿನ ಮೂರನೇ ಸಾಲಿನಲ್ಲಿ
ಬಿಸ್ಕತ್ತಿನ ಕಪಾಟಿನ ಮುಂದೆ
ಒಂದು ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ನಿಂತಿದ್ದೇನೆ.
ಜನ ನೋಡುತ್ತಾರೆ. ನೋಡಲಿ.
ವಾಚ್ ಫ್ಯಾಕ್ಟರಿಯ ಇಪ್ಪತ್ತೆರಡು ವರ್ಷದಲ್ಲಿ
ನನ್ನದು ಅಂತ ಉಳಿದದ್ದು ಇದೊಂದೇ.
ಅಲ್ಲ, ಸುಳ್ಳು ಹೇಳಿದೆ. ಇದು ಫಿಲೋಮಿನಾಳದು.

ಪಕ್ಕದಲ್ಲೇ ಇದ್ದಾಳೆ, ಟ್ರಾಲಿಯ ಕಂಬಿ ಹಿಡಿದು.
ನಮ್ಮ ಶಾಪಿನಲ್ಲಿ ಅವಳಂಥ ಕಣ್ಣು
ಯಾರಿಗೂ ಇರಲಿಲ್ಲ.
ಕೂದಲೆಳೆಯ ಸ್ಪ್ರಿಂಗು ಒಂದು ಸುತ್ತು ತಪ್ಪಿದ್ದರೆ
ಉಸಿರು ಬಿಗಿಹಿಡಿದು, ಚಿಮಟದ ತುದಿಯಲ್ಲಿ ಸರಿಮಾಡಿ,
ಆಮೇಲೆ ಬಿಡುತ್ತಿದ್ದಳು ಉಸಿರು.
ಈಗ ಸಕ್ಕರೆ ಕಾಯಿಲೆ ಅದೇ ಕಣ್ಣಿನ ಹಿಂದೆ ಕೂತಿದೆ.
ಇಡೀ ಕಪಾಟು ಅವಳಿಗೆ ಬಣ್ಣಬಣ್ಣದ ಮಂಜು.

"ಮುಂದೆ ಬರೆದದ್ದು ಬೇಡ, ತಿರುಗಿಸು" ಅಂತಾಳೆ.
ಮುಂದೆ ರಾಗಿ ತೆನೆ, ಹಸಿರು ಹೊಲ,
ಬೀಸುವ ಕಲ್ಲಿನ ಹತ್ತಿರ ಕೂತು ನಗುವ ಅಜ್ಜಿ,
ಅಜ್ಜಿಯ ಮೂಗುತಿಯ ಹರಳು ಕೂಡ ಸ್ಪಷ್ಟ.
ಹಿಂದೆ ಇರುವೆ ಸಾಲಿನಂಥ ಅಕ್ಷರ,
ಅದೂ ಅರ್ಧ ಅಂಟಿನ ಮಡಿಕೆಯೊಳಗೆ.

ಮೈದಾ, ಶೇಕಡಾ ಐವತ್ತೆರಡು. ಸಕ್ಕರೆ. ಪಾಮ್ ಎಣ್ಣೆ.
ಆಮೇಲೆ ರಾಗಿ ಹಿಟ್ಟು, ಶೇಕಡಾ ನಾಲ್ಕು.
"ಹೆಚ್ಚಿರೋದು ಮೊದಲು ಬರತ್ತೆ ಕಣೇ.
ಅಜ್ಜಿಗೆ ಪಂಕ್ತೀಲಿ ಕೊನೇ ಎಲೆ ಹಾಕಿದಾರೆ."
ಇನ್ವರ್ಟ್ ಸಿರಪ್ಪು.
"ಸಕ್ಕರೇನೇ ಅದು. ಮೀಸೆ ಬೋಳಿಸ್ಕೊಂಡು ಬಂದಿದೆ."
ಎಮಲ್ಸಿಫೈಯರ್, ನಾನೂರ ಎಪ್ಪತ್ತೊಂದು.
"ಅಯ್ಯೋ, ನಮ್ಮ ಕೆಂಪರಾಜಮ್ಮನ ಟೋಕನ್ ನಂಬರ್ರು!"

ಇಬ್ಬರೂ ನಕ್ಕಿದ್ದಕ್ಕೆ ನೀಲಿ ಅಂಗಿಯ ಹುಡುಗ ಬರುತ್ತಾನೆ.
"ಏನು ಚೆಕ್ ಮಾಡ್ತಿದೀರ ಮೇಡಂ?"
"ರಾಗಿ ಹುಡುಕ್ತಿದೀವಿ ಕಣಪ್ಪ."
ಅವನು ನಿಜವಾಗಿ ತೋರಿಸುತ್ತಾನೆ:
ಐದನೇ ಸಾಲು, ಅಕ್ಕಿ ಮೂಟೆಯ ಪಕ್ಕ.

ಸಕ್ಕರೆ ಎಷ್ಟಿದೆ?
ಒಂದು ಸರ್ವಿಂಗಿಗೆ ಆರು ಗ್ರಾಮ್.
ಸರ್ವಿಂಗ್ ಅಂದರೆ?
ಇಪ್ಪತ್ತೈದು ಗ್ರಾಮ್. ಎರಡೂವರೆ ಬಿಸ್ಕತ್ತು.
"ಉಳಿದ ಅರ್ಧ ಯಾರಿಗಂತೆ, ಕಾಗೆಗಾ?"
ಆಮೇಲೆ ಸುಮ್ಮನಾಗುತ್ತಾಳೆ, ಬೆರಳು ಕಂಬಿಯ ಮೇಲೆ ಎಣಿಸುತ್ತದೆ.
ನೂರಕ್ಕೆ ಇಪ್ಪತ್ತನಾಲ್ಕು. ಪೊಟ್ಟಣ ನೂರೈವತ್ತು.
ಮೂವತ್ತಾರು. ನಾಲ್ಕು ಗ್ರಾಮಿಗೆ ಒಂದು ಚಮಚ ಅಂದರೂ
"ಒಂಬತ್ತು."

ದಿನಕ್ಕೊಂದು ನಿಮಿಷ ಮುಂದೆ ಓಡಿದ ವಾಚನ್ನು
ಪ್ಯಾಕಿಂಗಿಗೆ ಬಿಟ್ಟವರಲ್ಲ ನಾವು.
ಮುಚ್ಚಳದೊಳಗೆ, ಕೊಂಡವರು ಎಂದೂ ನೋಡದ ಹಲ್ಲುಚಕ್ರವನ್ನೂ
ಡಯಲ್ಲಿನಷ್ಟೇ ಒರೆಸಿ ಕೂರಿಸುತ್ತಿದ್ದೆವು.
ಎರಡನೇ ಶಿಫ್ಟಿನ ಟೀ ಹೊತ್ತಿಗೆ, ಕೈಯ ಎಣ್ಣೆ ಒರೆಸಿ,
ಒಂದು ಪೊಟ್ಟಣ ಒಡೆದರೆ ಕೊನೆ ಪುಡಿಯವರೆಗೆ.
ಒಬ್ಬರಾದರೂ ತಿರುಗಿಸಿ ನೋಡಿದ್ದುಂಟೆ?
"ಆವಾಗ ಕಣ್ಣಿತ್ತು" ಅಂತಾಳೆ.
ಅಷ್ಟೇ ಅಂತಾಳೆ.

ಪೊಟ್ಟಣ ಇಸಿದುಕೊಂಡು ಕಿವಿಗೆ ಹಿಡಿಯುತ್ತಾಳೆ.
ಹಳೆಯ ಅಭ್ಯಾಸ, ಟಿಕ್ ಟಿಕ್ ಕೇಳುವುದು.
ಅಲ್ಲಾಡಿಸಿ, "ಗಾಳೀನೇ ಜಾಸ್ತಿ" ಅಂದು ನಗುತ್ತಾಳೆ.
ವಾಪಸು ಇಡುತ್ತಾಳೆ ಅಂದುಕೊಂಡೆ.
ಟ್ರಾಲಿಗೆ ಹಾಕುತ್ತಾಳೆ.
"ಇರಲಿ ಒಂದು. ಗೊತ್ತಿದ್ದು ತಿನ್ನೋಣ."

ಕ್ಯಾತಸಂದ್ರದ ಬಾಡಿಗೆ ಮನೆ, ಸಂಜೆಯ ರೈಲು ಹೋಗುವ ಹೊತ್ತು.
ಸಕ್ಕರೆಯಿಲ್ಲದ ಟೀ, ಎರಡು ಲೋಟ.
ತಟ್ಟೆಯಲ್ಲಿ ಒಂದೇ ಬಿಸ್ಕತ್ತು.
ಎರಡು ಹೆಬ್ಬೆರಳು ಅದರ ಅಂಚನ್ನು ಸವರಿ,
ಅಳೆದು, ಉಸಿರು ಬಿಗಿಹಿಡಿದು, ಮುರಿಯುತ್ತವೆ.
ಒಂದು ಚೂರು ಉದುರಲಿಲ್ಲ.
"ನೋಡು, ಸಮ ಇದೆಯಾ?"

ಐಗ್ಲಾಸ್ ಹಾಕಿಕೊಂಡು ನೋಡಿದೆ.
ಒಂದು ಕೂದಲೆಳೆ ನನ್ನ ಕಡೆ ಹೆಚ್ಚಿತ್ತು.